ಎರಡು ಭಾಷೆಯ ಮಗು: ಮನೋವಿಜ್ಞಾನ ಹೇಳುವುದೇನು, ಹೇಳದಿರುವುದೇನು

ಕಾಸರಗೋಡಿನಿಂದ ಅಕ್ಕಲಕೋಟೆಯವರೆಗೆ, ತಾಳವಾಡಿಯಿಂದ ಆದೋನಿಯವರೆಗೆ ಗಡಿಯಾಚೆಯ ಕನ್ನಡ ಮನೆಗಳಲ್ಲಿ ಮಗುವನ್ನು ಶಾಲೆಗೆ ಸೇರಿಸುವ ಹೊತ್ತಿಗೆ ಒಂದೇ ಚರ್ಚೆ ನಡೆಯುತ್ತದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮಲಯಾಳವೋ ಮರಾಠಿಯೋ ತಮಿಳೋ ತೆಲುಗೋ, ಶಾಲೆಯಲ್ಲಿ ಇಂಗ್ಲಿಷ್. ಇಷ್ಟೆಲ್ಲ ಒಂದೇ ತಲೆಗೆ ತುಂಬಿದರೆ ಮಗುವಿಗೆ ಗೊಂದಲವಾಗುವುದಿಲ್ಲವೇ? ಮನೆಯಲ್ಲೂ ಶಾಲೆಯ ಭಾಷೆಯನ್ನೇ ಆಡುವುದು ಒಳ್ಳೆಯದಲ್ಲವೇ? ಹೆತ್ತವರು ಕೇಳುವ ಈ ಪ್ರಶ್ನೆಯನ್ನು ಮನೋವಿಜ್ಞಾನಿಗಳೂ ನೂರು ವರ್ಷಗಳಿಂದ ಕೇಳುತ್ತ ಬಂದಿದ್ದಾರೆ. ಈ ಅವಧಿಯಲ್ಲಿ ಅವರ ಉತ್ತರ ಎರಡು ಬಾರಿ ಬದಲಾಗಿದೆ. ಮೊದಲು ಎರಡು ಭಾಷೆ ಹಾನಿ ಎಂದರು, ಆಮೇಲೆ ಲಾಭ ಎಂದರು. ಈಗ ಆ ಲಾಭವೆಷ್ಟು ಎಂಬುದನ್ನು ಮತ್ತೆ ತೂಗಿ ನೋಡುತ್ತಿದ್ದಾರೆ. ಈ ಸಂಶೋಧನೆಯ ಮುಖ್ಯ ಘಟ್ಟಗಳನ್ನೂ, ಇವತ್ತು ಖಚಿತವಾಗಿ ಹೇಳಬಹುದಾದುದನ್ನೂ ಇಲ್ಲಿ ಸಂಗ್ರಹಿಸಲಾಗಿದೆ.

ದ್ವಿಭಾಷಿಕತೆ ಎಂದರೇನು?

ಎರಡು ಭಾಷೆಗಳನ್ನು ದಿನನಿತ್ಯದ ಬದುಕಿನಲ್ಲಿ ಬಳಸುವವರನ್ನು ದ್ವಿಭಾಷಿಕರು ಎನ್ನುತ್ತಾರೆ. ಎರಡರಲ್ಲೂ ಒಂದೇ ಸಮನಾದ ಪಾಂಡಿತ್ಯ ಇರಬೇಕೆಂದೇನೂ ಇಲ್ಲ. ಮನೆಯಲ್ಲಿ ಕನ್ನಡ ಮಾತನಾಡಿ, ಪೇಟೆಯಲ್ಲಿ ಮರಾಠಿಯಲ್ಲಿ ವ್ಯಾಪಾರ ಮಾಡುವ ಜತ್ತದ ರೈತ ಮರಾಠಿ ಓದಲು ಬರೆಯಲು ಬಾರದಿದ್ದರೂ ದ್ವಿಭಾಷಿಕನೇ. ಕೆಲವು ಮಕ್ಕಳು ಹುಟ್ಟಿದಂದಿನಿಂದಲೇ ಎರಡು ಭಾಷೆ ಕೇಳುತ್ತಾರೆ. ಇನ್ನು ಕೆಲವರಿಗೆ ಅಂಗನವಾಡಿಗೋ ಶಾಲೆಗೋ ಹೋದ ಮೇಲೆ ಎರಡನೆಯದು ಸಿಗುತ್ತದೆ. ಎರಡನೆಯ ಭಾಷೆ ಮೊದಲಿನದರ ಜೊತೆಗೆ ಸೇರಿಕೊಂಡರೆ ಅದು ಕೂಡಿಸುವ ದ್ವಿಭಾಷಿಕತೆ. ಎರಡನೆಯದು ಬರುತ್ತಿದ್ದಂತೆ ಮೊದಲಿನದು ಕರಗಿಹೋದರೆ ಅದು ಕಳೆಯುವ ದ್ವಿಭಾಷಿಕತೆ. ಈ ವಿಂಗಡಣೆ ಮಾಡಿದವರು ಕೆನಡಾದ ಮನೋವಿಜ್ಞಾನಿ ವಾಲೇಸ್ ಲ್ಯಾಂಬರ್ಟ್. ಗಡಿನಾಡಿನವರು ನೆನಪಿಡಬೇಕಾದ ಮೊದಲ ಮಾತು ಇದೇ. ಮುಂದಿನ ಚರ್ಚೆಯೆಲ್ಲ ಈ ಕೂಡುವ-ಕಳೆಯುವ ಲೆಕ್ಕದ ಸುತ್ತಲೇ ಇದೆ.

ಹಳೆಯ ಭಯ ಎಲ್ಲಿಂದ ಬಂತು?

ಎರಡು ಭಾಷೆ ಮಗುವಿನ ಬುದ್ಧಿಗೆ ಕೆಡುಕು ಎಂಬುದು ಬರೀ ಹಳ್ಳಿಯ ಕಟ್ಟೆಮಾತಲ್ಲ. ಒಂದು ಕಾಲಕ್ಕೆ ಅದು ವಿಜ್ಞಾನದ ಹೆಸರಿನಲ್ಲೇ ಪ್ರಚಾರವಾಗಿತ್ತು. 1923ರಲ್ಲಿ ಡಿ. ಜೆ. ಸೇರ್ ಎಂಬವರು ಬ್ರಿಟನ್ನಿನ ವೇಲ್ಸ್ ಪ್ರಾಂತದ ಸುಮಾರು 1,400 ಮಕ್ಕಳನ್ನು ಬುದ್ಧಿಮತ್ತೆಯ ಪರೀಕ್ಷೆಗೆ ಒಳಪಡಿಸಿದರು. ಹಳ್ಳಿಗಾಡಿನಲ್ಲಿ ವೆಲ್ಷ್ ಮತ್ತು ಇಂಗ್ಲಿಷ್ ಎರಡನ್ನೂ ಆಡುವ ಮಕ್ಕಳಿಗೆ ಇಂಗ್ಲಿಷ್ ಮಾತ್ರ ಆಡುವವರಿಗಿಂತ ಕಡಿಮೆ ಅಂಕ ಬಂತು. ಇದು ಮಾನಸಿಕ ಗೊಂದಲದ ಫಲ ಎಂದು ಅವರು ಬರೆದರು. ಪಟ್ಟಣದ ಮಕ್ಕಳಲ್ಲಿ ಇಂಥ ವ್ಯತ್ಯಾಸ ಕಂಡಿರಲಿಲ್ಲ ಎಂಬುದು ಅದೇ ಅಧ್ಯಯನದಲ್ಲಿತ್ತು. ಆದರೆ ಜನ ಅದನ್ನು ಅಷ್ಟಾಗಿ ಗಮನಿಸಲಿಲ್ಲ.

1926ರಲ್ಲಿ ಅಮೆರಿಕದ ಫ್ಲಾರೆನ್ಸ್ ಗುಡೆನಫ್ ವಲಸಿಗರ ಮಕ್ಕಳ ಬಗ್ಗೆ ಇನ್ನೂ ಕಟುವಾಗಿ ಬರೆದರು. ಮನೆಯಲ್ಲಿ ಪರಭಾಷೆ ಆಡುವುದು ಬುದ್ಧಿ ಹಿಂದುಳಿಯಲು ಮುಖ್ಯ ಕಾರಣಗಳಲ್ಲೊಂದು ಎಂಬುದು ಅವರ ಅಭಿಪ್ರಾಯ. ಶಿಕ್ಷಕರೂ ವೈದ್ಯರೂ ಇದನ್ನೇ ನಂಬಿ, ಮನೆಭಾಷೆಯನ್ನು ಬಿಟ್ಟುಬಿಡಿ ಎಂದು ಹೆತ್ತವರಿಗೆ ಸಲಹೆ ಕೊಡತೊಡಗಿದರು. ಇಂದಿಗೂ ಅಲ್ಲಲ್ಲಿ ಕೇಳಿಬರುವ ಸಲಹೆಯ ಬೇರು ಇಲ್ಲಿದೆ.

ಈ ಅಧ್ಯಯನಗಳ ದೋಷ ಆಮೇಲೆ ಬೆಳಕಿಗೆ ಬಂತು. ಒಂದು ಭಾಷೆಯ ಮಕ್ಕಳು ಹೆಚ್ಚಾಗಿ ಅನುಕೂಲಸ್ಥ ಮನೆಗಳವರು, ಎರಡು ಭಾಷೆಯವರು ಬಡ ಕೃಷಿಕರ ಇಲ್ಲವೇ ವಲಸೆ ಕೂಲಿಗಳ ಮಕ್ಕಳು. ಅಮೆರಿಕದ ಅನೇಕ ಪರೀಕ್ಷೆಗಳು ನಡೆದದ್ದು ಮಗುವಿಗೆ ಇನ್ನೂ ಸರಿಯಾಗಿ ಬಾರದ ಇಂಗ್ಲಿಷಿನಲ್ಲಿ. ಬಡತನವನ್ನು ಅಳೆದು, ಬಂದ ಕೊರತೆಯನ್ನು ಭಾಷೆಯ ತಲೆಗೆ ಕಟ್ಟಲಾಗಿತ್ತು.

ಮಾಂಟ್ರಿಯಲ್‌ನ ತಿರುವು

ಈ ನಂಬಿಕೆಯನ್ನು ತಲೆಕೆಳಗು ಮಾಡಿದ್ದು 1962ರಲ್ಲಿ ಪ್ರಕಟವಾದ ಎಲಿಜಬೆತ್ ಪೀಲ್ ಮತ್ತು ವಾಲೇಸ್ ಲ್ಯಾಂಬರ್ಟ್ ಅವರ ಅಧ್ಯಯನ. ಕೆನಡಾದ ಮಾಂಟ್ರಿಯಲ್ ನಗರದ ಫ್ರೆಂಚ್ ಶಾಲೆಗಳಲ್ಲಿ ಓದುತ್ತಿದ್ದ 10 ವರ್ಷದ ಮಕ್ಕಳನ್ನು ಅವರು ಆರಿಸಿಕೊಂಡರು. ಮನೆಯ ಆರ್ಥಿಕ ಸ್ಥಿತಿ, ವಯಸ್ಸು, ಲಿಂಗ ಎಲ್ಲವನ್ನೂ ಸರಿದೂಗಿಸಿ ಹೋಲಿಸಿದಾಗ ಫ್ರೆಂಚ್ ಮತ್ತು ಇಂಗ್ಲಿಷ್ ಎರಡೂ ಬಲ್ಲ ಮಕ್ಕಳೇ ಹೆಚ್ಚಿನ ಪರೀಕ್ಷೆಗಳಲ್ಲಿ ಮುಂದಿದ್ದರು.

ಆದರೆ ಇಲ್ಲೂ ಒಂದು ತೊಡಕಿತ್ತು. ಎರಡೂ ಭಾಷೆಗಳಲ್ಲಿ ಸಮನಾಗಿ ನುರಿತ ಮಕ್ಕಳನ್ನು ಮಾತ್ರ ದ್ವಿಭಾಷಿಕರ ಗುಂಪಿಗೆ ಸೇರಿಸಲಾಗಿತ್ತು. ಎರಡು ಭಾಷೆ ಕಲಿತದ್ದರಿಂದ ಚುರುಕಾದರೋ, ಚುರುಕಾಗಿದ್ದವರೇ ಎರಡೂ ಭಾಷೆ ಚೆನ್ನಾಗಿ ಕಲಿತರೋ ಎಂಬ ಸಂಶಯ ಉಳಿದೇ ಇತ್ತು. ಹಾಗಿದ್ದರೂ ಎರಡು ಭಾಷೆ ಬುದ್ಧಿಯನ್ನು ಮಂಕಾಗಿಸುತ್ತದೆ ಎಂಬ ಹಳೆಯ ವಾದದ ಬಲ ಇದರಿಂದ ಕುಗ್ಗಿತು.

ತೊಟ್ಟಿಲಿಗಿಂತ ಮೊದಲೇ

ಮಗು ಭಾಷೆಗಳನ್ನು ಬೇರ್ಪಡಿಸಲು ಶಾಲೆಗೆ ಹೋಗುವವರೆಗೆ ಕಾಯುವುದಿಲ್ಲ. ಕೆನಡಾದ ವ್ಯಾಂಕೋವರ್‌ನಲ್ಲಿ ಕ್ರಿಸ್ಟಾ ಬೈಯರ್ಸ್-ಹೈನ್‌ಲೈನ್, ಜಾನೆಟ್ ವರ್ಕರ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಗಷ್ಟೇ ಹುಟ್ಟಿದ ಶಿಶುಗಳನ್ನು ಪರೀಕ್ಷಿಸಲಾಯಿತು. ಬಸಿರಿನಲ್ಲಿದ್ದಾಗ ತಾಯಿ ಇಂಗ್ಲಿಷ್ ಮಾತ್ರ ಆಡಿದ್ದರೆ ಶಿಶು ಇಂಗ್ಲಿಷಿನ ಕಡೆಗೇ ಹೆಚ್ಚು ಕಿವಿಗೊಟ್ಟಿತು. ತಾಯಿ ಇಂಗ್ಲಿಷ್ ಮತ್ತು ಫಿಲಿಪೀನ್ಸಿನ ಟಗಾಲೊಗ್ ಎರಡನ್ನೂ ಆಡಿದ್ದರೆ ಶಿಶು ಎರಡಕ್ಕೂ ಕಿವಿಗೊಟ್ಟಿತು. ಅಷ್ಟೇ ಅಲ್ಲ, ಅವೆರಡೂ ಬೇರೆ ಬೇರೆ ಎಂಬುದನ್ನೂ ಗುರುತಿಸಿತು. ಚೀಪುವ ವೇಗದಲ್ಲಿ ಆಗುವ ಏರುಪೇರನ್ನು ಅಳೆದು ಇದನ್ನು ಕಂಡುಕೊಳ್ಳುತ್ತಾರೆ.

ಇದೇ ವರ್ಕರ್ 1984ರಲ್ಲಿ ರಿಚರ್ಡ್ ಟೀಸ್ ಜೊತೆ ಮಾಡಿದ ಅಧ್ಯಯನ ನಮ್ಮ ಕಡೆಯವರಿಗೆ ಬೇಗ ಅರ್ಥವಾಗುವಂಥದು. ಹಿಂದಿಯಲ್ಲಿ, ಕನ್ನಡದಲ್ಲಿ ಇರುವಂತೆ, ‘ತ’ಕಾರ ಮತ್ತು ‘ಟ’ಕಾರ ಬೇರೆ ಬೇರೆ. ಇಂಗ್ಲಿಷಿನಲ್ಲಿ ಈ ಭೇದ ಇಲ್ಲ. ಆದರೂ ಇಂಗ್ಲಿಷ್ ಮನೆಯ 6ರಿಂದ 8 ತಿಂಗಳ ಕೂಸುಗಳು ಇವೆರಡನ್ನೂ ಬೇರೆಯಾಗಿ ಕೇಳಿದವು. 10ರಿಂದ 12 ತಿಂಗಳು ಆಗುವಷ್ಟರಲ್ಲಿ ಆ ಶಕ್ತಿ ಬಹುಪಾಲು ಮಾಯವಾಗಿತ್ತು. ಹಿಂದಿ ಮನೆಯ ಕೂಸುಗಳಲ್ಲಿ ಮಾತ್ರ ಉಳಿದಿತ್ತು. ಅಂದರೆ ಮಗುವಿನ ಕಿವಿ ಮೊದಲು ಎಲ್ಲ ಭಾಷೆಗೂ ತೆರೆದಿರುತ್ತದೆ. ಸುತ್ತ ಕೇಳಿಸುವ ಭಾಷೆಗಳಿಗೆ ಹೊಂದಿಕೊಂಡು, ಉಳಿದವುಗಳಿಗೆ ಮೆಲ್ಲಗೆ ಮುಚ್ಚಿಕೊಳ್ಳುತ್ತದೆ. ಮನೆಯಲ್ಲಿ ಕನ್ನಡ, ಹಿತ್ತಲಾಚೆ ಮಲಯಾಳ ಕೇಳಿ ಬೆಳೆದ ಮಗುವಿಗೆ ಎರಡರ ಸದ್ದುಗಳೂ ದುಡ್ಡಿಲ್ಲದೆ ದಕ್ಕುತ್ತವೆ.

ಬೆರಕೆ ಮಾತು ಗೊಂದಲವೇ?

‘ನಂಗೆ ವೆಳ್ಳಂ ಬೇಕು’ ಎಂದು ಕಾಸರಗೋಡಿನ ಮಗು ಹೇಳಿದರೆ, ‘ಪಾಣಿ ಕೊಡವ್ವಾ’ ಎಂದು ಸೊಲ್ಲಾಪುರದ ಮಗು ಕೇಳಿದರೆ ಹಿರಿಯರಿಗೆ ಇರಿಸುಮುರಿಸಾಗುತ್ತದೆ. ಆದರೆ ಇದು ಗೊಂದಲದ ಲಕ್ಷಣವಲ್ಲ. ಸಣ್ಣ ಮಕ್ಕಳು ಒಂದು ಭಾಷೆಯಲ್ಲಿ ಪದ ಸಿಗದಿದ್ದಾಗ ಇನ್ನೊಂದರಿಂದ ಎತ್ತಿಕೊಳ್ಳುತ್ತಾರೆ, ಸುತ್ತಲಿನ ದೊಡ್ಡವರು ಬೆರೆಸಿ ಆಡಿದರೆ ತಾವೂ ಬೆರೆಸುತ್ತಾರೆ. ಯಾರೊಡನೆ ಯಾವ ಭಾಷೆ ಆಡಬೇಕೆಂಬುದು ಎರಡು-ಮೂರು ವರ್ಷದ ಮಗುವಿಗೂ ಬಹುಮಟ್ಟಿಗೆ ತಿಳಿದಿರುತ್ತದೆ.

ಎರಡು ಭಾಷೆಯ ಮಗುವಿಗೆ ಒಂದೊಂದು ಭಾಷೆಯಲ್ಲಿ ಗೊತ್ತಿರುವ ಪದಗಳು ಏಕಭಾಷಿಕ ಮಗುವಿಗಿಂತ ಸ್ವಲ್ಪ ಕಡಿಮೆ ಇರುವುದುಂಟು. ಅಡುಗೆಮನೆಯ ಪದಗಳು ಕನ್ನಡದಲ್ಲಿ, ಆಟದ ಬಯಲಿನ ಪದಗಳು ಮರಾಠಿಯಲ್ಲಿ ಬಂದಿರುತ್ತವೆ. ಒಂದೇ ಭಾಷೆಯಲ್ಲಿ ಎಣಿಸಿದರೆ ಕೊರತೆ ಕಾಣುತ್ತದೆ. ಬಾರ್ಬರಾ ಪಿಯರ್ಸನ್ ಮತ್ತು ಸಂಗಡಿಗರು ಅಮೆರಿಕದ ಮಯಾಮಿಯಲ್ಲಿ ಸ್ಪ್ಯಾನಿಷ್-ಇಂಗ್ಲಿಷ್ ಮಕ್ಕಳ ಎರಡೂ ಭಾಷೆಯ ಪದಗಳನ್ನು ಒಟ್ಟಿಗೆ ಎಣಿಸಿದರು. 1993ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಒಟ್ಟು ಲೆಕ್ಕ ಹಾಕಿದಾಗ ಅವರು ಏಕಭಾಷಿಕ ಮಕ್ಕಳಿಗೆ ಸರಿಸಮನಾಗಿಯೇ ಇದ್ದರು. ಎರಡು ಡಬ್ಬಿಯಲ್ಲಿ ದುಡ್ಡು ಇಟ್ಟವನ ಒಂದೇ ಡಬ್ಬಿ ತೆರೆದು ಬಡವನೆಂದರೆ ಹೇಗೆ?

ಬೆರಕೆಯ ಮಾತು ಬಂದಾಗ ಕುಪವಾಡದ ಹೆಸರು ಹೇಳದೆ ಮುಂದೆ ಹೋಗುವಂತಿಲ್ಲ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಈ ಊರು ಜಗತ್ತಿನ ಭಾಷಾವಿಜ್ಞಾನದ ಪುಸ್ತಕಗಳಲ್ಲಿ ಪ್ರಸಿದ್ಧ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಇಲ್ಲಿನ ಕನ್ನಡ, ಮರಾಠಿ, ಉರ್ದು, ತೆಲುಗು ಮಾತುಗಳ ಬಗ್ಗೆ ಬರೆದರು. ಶತಮಾನಗಳ ಒಡನಾಟದಿಂದ ಈ ಭಾಷೆಗಳ ವಾಕ್ಯರಚನೆ ಒಂದರ ಅಚ್ಚಿನಲ್ಲಿ ಇನ್ನೊಂದು ಎರಕ ಹೊಯ್ದಂತಾಗಿತ್ತು. ‘ಇದು ನಿಮ್ಮ ಮನೆ’ ಎಂಬಲ್ಲಿಗೆ ಕನ್ನಡದ ವಾಕ್ಯ ಮುಗಿಯುತ್ತದೆ. ಮರಾಠಿಯಲ್ಲಿ ಕೊನೆಗೆ ‘ಆಹೆ’ ಬೇಕು. ಕುಪವಾಡದ ಕನ್ನಡದಲ್ಲೂ ಕೊನೆಗೆ ‘ಐತಿ’ ಬಂದು ಕೂತಿತ್ತು. ಆದರೂ ಪದಗಳು ಬೇರೆಯಾಗಿಯೇ ಉಳಿದವು. ಮನೆಯೊಳಗೆ ಆಯಾ ಜನ ತಮ್ಮ ತಮ್ಮ ಭಾಷೆಯನ್ನೇ ಆಡುತ್ತಿದ್ದುದರಿಂದ ನಾಲ್ಕೂ ಉಳಿದವು ಎಂಬುದು ಅವರ ವಿವರಣೆ. ತಲೆಮಾರುಗಟ್ಟಲೆ ಹಲವು ಭಾಷೆ ಆಡಿದ ಆ ಜನಕ್ಕೆ ಯಾವ ಗೊಂದಲವೂ ಇರಲಿಲ್ಲ.

ಹೆಸರು ಬೇರೆ, ವಸ್ತು ಬೇರೆ

ಎರಡು ಭಾಷೆಯ ಮಗುವಿಗೆ ಒಂದು ವಿಷಯ ಬೇಗ ಹೊಳೆಯುತ್ತದೆ. ಹೆಸರೂ ವಸ್ತುವೂ ಒಂದೇ ಅಲ್ಲ. ನೀರನ್ನು ನೀರು ಎನ್ನಬಹುದು, ವೆಳ್ಳಂ ಎನ್ನಬಹುದು. ದಾಹ ತೀರುವುದು ಒಂದೇ. ಅಮೆರಿಕದಲ್ಲಿದ್ದ ಭಾಷಾವಿಜ್ಞಾನಿ ವರ್ನರ್ ಲಿಯೊಪೋಲ್ಡ್ ಜರ್ಮನ್-ಇಂಗ್ಲಿಷ್ ಎರಡರಲ್ಲೂ ಬೆಳೆದ ತಮ್ಮ ಮಗಳ ಮಾತುಗಳನ್ನು ದಿನವೂ ಬರೆದಿಟ್ಟು 1939ರಿಂದ 1949ರ ನಡುವೆ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿದರು. ಪದದ ಸದ್ದಿಗೂ ಅರ್ಥಕ್ಕೂ ಇರುವ ಗಂಟು ಆಕೆಯಲ್ಲಿ ಬೇಗ ಸಡಿಲಿತು ಎಂದು ಅವರು ಗುರುತಿಸಿದ್ದರು.

1972ರಲ್ಲಿ ಅನಿತಾ ಇಯಾಂಕೊ-ವೊರಾಲ್ ದಕ್ಷಿಣ ಆಫ್ರಿಕದಲ್ಲಿ ಆಫ್ರಿಕಾನ್ಸ್-ಇಂಗ್ಲಿಷ್ ಮಕ್ಕಳ ಮೇಲೆ ಇದನ್ನು ಪರೀಕ್ಷಿಸಿದರು. ಕನ್ನಡದಲ್ಲಿ ಹೇಳುವುದಾದರೆ ಆ ಪರೀಕ್ಷೆ ಹೀಗಿರುತ್ತದೆ: ‘ಮರ’ ಎಂಬುದಕ್ಕೆ ಹತ್ತಿರದ್ದು ‘ಮನೆ’ಯೋ ‘ಗಿಡ’ವೋ? ಸದ್ದು ನೋಡಿದರೆ ಮನೆ, ಅರ್ಥ ನೋಡಿದರೆ ಗಿಡ. ಏಕಭಾಷಿಕ ಮಕ್ಕಳಿಗಿಂತ ಎರಡು-ಮೂರು ವರ್ಷ ಮೊದಲೇ ದ್ವಿಭಾಷಿಕ ಮಕ್ಕಳು ಅರ್ಥದ ಕಡೆ ವಾಲಿದರು.

ಭಾರತದಲ್ಲಿ ಈ ವಿಷಯದ ದೊಡ್ಡ ಕೆಲಸ ಅಜಿತ್ ಮೊಹಾಂತಿ ಅವರದು. ಒಡಿಶಾದ ಕಂಧ ಆದಿವಾಸಿಗಳಲ್ಲಿ ಕೆಲವು ಊರಿನವರು ಕುಯಿ ಮತ್ತು ಒಡಿಯಾ ಎರಡನ್ನೂ ಆಡುತ್ತಾರೆ. ಇನ್ನು ಕೆಲವು ಊರಿನವರು ಕುಯಿ ಕಳೆದುಕೊಂಡು ಒಡಿಯಾ ಮಾತ್ರ ಆಡುತ್ತಾರೆ. ಜಾತಿ, ಆಚಾರ, ಬಡತನ ಎರಡೂ ಕಡೆ ಒಂದೇ. ಭಾಷೆ ಮಾತ್ರ ಬೇರೆ. ಹೋಲಿಕೆಗೆ ಇದಕ್ಕಿಂತ ಒಳ್ಳೆಯ ನೆಲ ಸಿಗುವುದು ಕಷ್ಟ. ಭಾಷೆಯ ಬಗ್ಗೆ ಯೋಚಿಸುವ ಕೆಲಸಗಳಲ್ಲಿ, ಬುದ್ಧಿಯ ಹಲವು ಪರೀಕ್ಷೆಗಳಲ್ಲಿ ಕುಯಿ ಉಳಿಸಿಕೊಂಡ ಮಕ್ಕಳು ಮುಂದಿದ್ದರು. ಈ ಅಧ್ಯಯನಗಳ ಪುಸ್ತಕವನ್ನು 1994ರಲ್ಲಿ ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥಾನ ಪ್ರಕಟಿಸಿತು.

ಮುಪ್ಪಿನಲ್ಲಿ ಮರೆವು

ಎರಡು ಭಾಷೆಯ ಪ್ರಭಾವ ಮಕ್ಕಳಲ್ಲಿ ಮುಗಿಯುವುದಿಲ್ಲವೇನೋ ಎಂಬ ಯೋಚನೆ ಟೊರಾಂಟೊದ ಎಲೆನ್ ಬಿಯಾಲಿಸ್ಟಾಕ್ ಅವರಿಂದ ಬಲ ಪಡೆಯಿತು. ಎರಡು ಭಾಷೆಯವರ ತಲೆಯಲ್ಲಿ ಎರಡೂ ಯಾವಾಗಲೂ ಎಚ್ಚರವಾಗಿರುತ್ತವೆ; ಒಂದನ್ನು ಆಡುವಾಗ ಇನ್ನೊಂದನ್ನು ತಡೆಹಿಡಿಯಬೇಕು; ಈ ದಿನನಿತ್ಯದ ಸಾಧನೆಯಿಂದ ಗಮನ ಹಿಡಿದಿಡುವ ಶಕ್ತಿ ಬೆಳೆಯುತ್ತದೆ ಎಂಬುದು ಅವರ ವಾದ. 2007ರಲ್ಲಿ ಅವರ ತಂಡ ಒಂದು ಚಿಕಿತ್ಸಾಲಯದ 184 ಮರೆವಿನ ರೋಗಿಗಳ ದಾಖಲೆ ನೋಡಿತು. ದ್ವಿಭಾಷಿಕರಲ್ಲಿ ರೋಗದ ಲಕ್ಷಣ ಸುಮಾರು 4 ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಆದರೆ ಅಲ್ಲಿನ ದ್ವಿಭಾಷಿಕರಲ್ಲಿ ಬಹಳಷ್ಟು ಮಂದಿ ವಲಸೆ ಬಂದವರು. ಕಾರಣ ಭಾಷೆಯೋ ವಲಸೆಯೋ ಎಂಬ ಪ್ರಶ್ನೆ ಎದ್ದಿತು.

ಈ ಪ್ರಶ್ನೆಗೆ ಹೈದರಾಬಾದ್ ಒಳ್ಳೆಯ ಪರೀಕ್ಷಾಸ್ಥಳವಾಯಿತು. ತೆಲುಗು, ಉರ್ದು, ಹಿಂದಿ, ಇಂಗ್ಲಿಷ್ ಬೆರೆತ ಆ ಊರಿನಲ್ಲಿ ಎರಡು ಭಾಷೆ ಆಡಲು ಯಾರೂ ವಲಸೆ ಹೋಗಬೇಕಿಲ್ಲ. ಅಲ್ಲಿನ ನಿಜಾಮ್ಸ್ ವೈದ್ಯವಿಜ್ಞಾನ ಸಂಸ್ಥೆಯಲ್ಲಿದ್ದ, ಮುಂದೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಬಂದ ನರರೋಗ ತಜ್ಞೆ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ಮರೆವಿನ ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಇವರಲ್ಲಿ 391 ಮಂದಿ ದ್ವಿಭಾಷಿಕರು. ಏಕಭಾಷಿಕರಲ್ಲಿ ಸರಾಸರಿ 61.1ನೇ ವಯಸ್ಸಿಗೆ ಲಕ್ಷಣ ಶುರುವಾದರೆ ದ್ವಿಭಾಷಿಕರಲ್ಲಿ 65.6ನೇ ವಯಸ್ಸಿಗೆ. ಅಂದರೆ ನಾಲ್ಕೂವರೆ ವರ್ಷದ ಅಂತರ. ಓದು ಬರಹ ಬಾರದವರಲ್ಲೂ ಈ ಅಂತರ ಕಂಡಿತು. ಹಾಗಾಗಿ ಇದು ಬರೀ ಶಾಲೆಯ ಫಲವೆನ್ನುವಂತಿರಲಿಲ್ಲ. ಎರಡಕ್ಕಿಂತ ಹೆಚ್ಚು ಭಾಷೆ ಬಲ್ಲವರಿಗೆ ಮತ್ತೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ.

ಅದೇ ತಂಡ ಪಾರ್ಶ್ವವಾಯುವಿಗೆ ತುತ್ತಾದ 608 ಮಂದಿಯ ದಾಖಲೆಯನ್ನೂ ನೋಡಿತು. 2016ರ ಆ ವರದಿಯಂತೆ, ಆಘಾತದ ನಂತರವೂ ಯೋಚನಾಶಕ್ತಿ ಸರಿಯಾಗಿ ಉಳಿದವರು ದ್ವಿಭಾಷಿಕರಲ್ಲಿ ಶೇ. 40.5, ಏಕಭಾಷಿಕರಲ್ಲಿ ಶೇ. 19.6. ರೋಗ ಬರುವುದನ್ನು ಭಾಷೆ ತಡೆಯುತ್ತದೆ ಎಂದು ಇದರ ಅರ್ಥವಲ್ಲ. ಒಂದು ಕಾಲುವೆ ಕಟ್ಟಿಕೊಂಡರೆ ಇನ್ನೊಂದರಲ್ಲಿ ನೀರು ಹರಿಯುವಂತೆ, ಮಿದುಳು ಬೇರೆ ದಾರಿ ಹುಡುಕಿಕೊಳ್ಳಬಹುದು ಎಂಬುದು ವಿವರಣೆ. ವೈದ್ಯರು ಇದನ್ನು ಮಿದುಳಿನ ಮೀಸಲು ಶಕ್ತಿ ಎನ್ನುತ್ತಾರೆ.

ವಿಜ್ಞಾನ ತನ್ನನ್ನೇ ತಿದ್ದಿಕೊಂಡ ಬಗೆ

ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಚೆನ್ನಾಗಿಯೇ ಇರುತ್ತದೆ. ಆದರೆ ಅರ್ಧ ಸತ್ಯವಾಗುತ್ತದೆ.

2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಕೆನೆತ್ ಪಾಪ್ ಮತ್ತು ಗ್ರೀನ್‌ಬರ್ಗ್ ಗಮನಶಕ್ತಿಯ ಹಲವು ಪರೀಕ್ಷೆಗಳನ್ನು ನಡೆಸಿ, ದ್ವಿಭಾಷಿಕರಿಗೆ ಸ್ಥಿರವಾದ ಮೇಲುಗೈ ಏನೂ ಕಾಣಲಿಲ್ಲವೆಂದರು. 2015ರಲ್ಲಿ ಏಂಜೆಲಾ ಡಿ ಬ್ರುಯಿನ್ ಮತ್ತು ಸಂಗಡಿಗರು ಇನ್ನೊಂದು ಬಗೆಯ ಲೆಕ್ಕ ಹಾಕಿದರು. 1999ರಿಂದ 2012ರವರೆಗೆ ಸಮ್ಮೇಳನಗಳಲ್ಲಿ ಮಂಡನೆಯಾದ 104 ಅಧ್ಯಯನಗಳನ್ನು ಹಿಡಿದು, ಅವುಗಳಲ್ಲಿ ಎಷ್ಟು ಮುಂದೆ ಪತ್ರಿಕೆಗಳಲ್ಲಿ ಅಚ್ಚಾದವು ಎಂದು ನೋಡಿದರು. ಎರಡು ಭಾಷೆ ಲಾಭ ಎಂದ ಅಧ್ಯಯನಗಳಲ್ಲಿ ಶೇ. 68 ಅಚ್ಚಾಗಿದ್ದವು. ಲಾಭ ಕಾಣಲಿಲ್ಲ ಎಂದವುಗಳಲ್ಲಿ ಶೇ. 29 ಮಾತ್ರ. ಸಿಹಿ ಸುದ್ದಿ ಪೇಟೆಗೆ ಬಂತು, ಸಪ್ಪೆ ಸುದ್ದಿ ಕಪಾಟಿನಲ್ಲಿ ಉಳಿಯಿತು. ಓದುವವರಿಗೆ ಸಿಹಿಯೇ ಹೆಚ್ಚು ಕಾಣುವುದು ಸಹಜ.

2018ರಲ್ಲಿ ಫಿನ್ಲೆಂಡಿನ ಮಿನ್ನಾ ಲೆಹ್ಟೊನೆನ್ ಮತ್ತು ಸಂಗಡಿಗರು ದೊಡ್ಡವರ ಮೇಲಿನ 152 ಅಧ್ಯಯನಗಳನ್ನು ಒಟ್ಟುಗೂಡಿಸಿ, ಈ ಪ್ರಕಟಣೆಯ ಪಕ್ಷಪಾತವನ್ನು ಸರಿಪಡಿಸಿ ನೋಡಿದಾಗ ಲಾಭ ಬಹುಮಟ್ಟಿಗೆ ಕರಗಿತು. 2019ರಲ್ಲಿ ಆಂಟನಿ ಡಿಕ್ ಮತ್ತು ಸಂಗಡಿಗರು ಅಮೆರಿಕದ 9-10 ವರ್ಷದ 4,524 ಮಕ್ಕಳ ಮಾಹಿತಿ ಪರಿಶೀಲಿಸಿದರು. ಗಮನಶಕ್ತಿಯಲ್ಲಿ ದ್ವಿಭಾಷಿಕ ಮಕ್ಕಳು ಮುಂದೆಯೂ ಇರಲಿಲ್ಲ, ಹಿಂದೆಯೂ ಇರಲಿಲ್ಲ.

ಮರೆವಿನ ವಿಷಯದಲ್ಲೂ ಇಂಥದೇ ತಿದ್ದುಪಡಿ ನಡೆಯಿತು. ಚಿಕಿತ್ಸೆಗೆ ಬಂದವರ ದಾಖಲೆ ನೋಡುವುದು ಒಂದು ಬಗೆ. ಆರೋಗ್ಯವಾಗಿದ್ದವರನ್ನೇ ವರ್ಷಗಟ್ಟಲೆ ಹಿಂಬಾಲಿಸಿ ಯಾರಿಗೆ ರೋಗ ಬರುತ್ತದೆಂದು ನೋಡುವುದು ಇನ್ನೊಂದು ಬಗೆ. ನ್ಯೂಯಾರ್ಕಿನಲ್ಲಿ ಸ್ಪ್ಯಾನಿಷ್ ಮಾತನಾಡುವ 1,067 ವಲಸಿಗ ವೃದ್ಧರನ್ನು ಹೀಗೆ ಹಿಂಬಾಲಿಸಿದ ಲಾರಾ ಝಡೋನಿ ಮತ್ತು ಸಂಗಡಿಗರ 2014ರ ವರದಿಯಲ್ಲಿ, ಇಂಗ್ಲಿಷನ್ನೂ ಬಲ್ಲವರಿಗೆ ರೋಗದಿಂದ ವಿಶೇಷ ರಕ್ಷಣೆ ಕಂಡುಬರಲಿಲ್ಲ. ಹೈದರಾಬಾದಿನ ಫಲಿತಾಂಶ ಇದರಿಂದ ಸುಳ್ಳಾಗುವುದಿಲ್ಲ. ಅಲ್ಲಿ ಎರಡು ಭಾಷೆಯ ಬಳಕೆ ದಿನದ ಎಲ್ಲ ಹೊತ್ತೂ ನಡೆಯುವಂಥದು. ಆದರೆ ಎರಡು ಭಾಷೆ ಮರೆವಿಗೆ ಮದ್ದು ಎಂದು ಸಾರುವ ಹಾಗೂ ಇಲ್ಲ.

ಈ ಮರುಪರಿಶೀಲನೆ ದ್ವಿಭಾಷಿಕತೆಗೆ ಮಾತ್ರ ಸೀಮಿತವಲ್ಲ. 2015ರಲ್ಲಿ ಬ್ರಯನ್ ನೊಸೆಕ್ ಮುಂದಾಳತ್ವದಲ್ಲಿ ನೂರಾರು ವಿಜ್ಞಾನಿಗಳು ಮನೋವಿಜ್ಞಾನದ 100 ಪ್ರಕಟಿತ ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದರು. ಮೊದಲಿನಂತೆ ಸ್ಪಷ್ಟ ಫಲಿತಾಂಶ ಬಂದದ್ದು ಶೇ. 36ರಲ್ಲಿ ಮಾತ್ರ. 2010ರಲ್ಲಿ ಜೋಸೆಫ್ ಹೆನ್ರಿಕ್ ಮತ್ತು ಸಂಗಡಿಗರು, ಮನೋವಿಜ್ಞಾನದ ಪರೀಕ್ಷೆಗೆ ಒಳಗಾಗುವವರು ಹೆಚ್ಚಾಗಿ ಪಾಶ್ಚಾತ್ಯ ದೇಶಗಳ ಓದಿದ, ಸ್ಥಿತಿವಂತ ಜನ; ಅವರನ್ನು ನೋಡಿ ಮನುಷ್ಯರೆಲ್ಲ ಹೀಗೆಯೇ ಎನ್ನಬಾರದು ಎಂದು ಎಚ್ಚರಿಸಿದ್ದರು. ಮೂರು ಭಾಷೆ ಆಡುವ ಮಡಕಶಿರದ ಸಂತೆಯಲ್ಲಿ ಮನಸ್ಸು ಹೇಗೆ ಕೆಲಸ ಮಾಡುತ್ತದೆಂಬುದು ಟೊರಾಂಟೊದ ಕೋಣೆಯಲ್ಲಿ ಪೂರ್ತಿ ತಿಳಿಯದು.

ಇದರಿಂದ ವಿಜ್ಞಾನದ ಮೇಲೆ ನಂಬಿಕೆ ಕಳೆದುಕೊಳ್ಳಬೇಕಾಗಿಲ್ಲ. 1923ರ ತಪ್ಪನ್ನು 1962ರಲ್ಲಿ ತಿದ್ದಿದವರೂ, ಆಮೇಲಿನ ಉತ್ಸಾಹಕ್ಕೆ ಕಡಿವಾಣ ಹಾಕಿದವರೂ ವಿಜ್ಞಾನಿಗಳೇ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಮಾಡಿ ನೋಡುವುದು, ಹೊಂದದಿದ್ದರೆ ಬಹಿರಂಗವಾಗಿ ಹೇಳುವುದು, ಇದೇ ವಿಜ್ಞಾನದ ಸಂಸ್ಕೃತಿ. ‘ಅಧ್ಯಯನದಿಂದ ಸಾಬೀತು’ ಎಂಬ ತಲೆಬರಹ ಕಂಡಾಗ ಓದುಗರು ಕೇಳಬೇಕಾದ ಪ್ರಶ್ನೆಗಳೂ ಇವೇ. ಎಷ್ಟು ಜನರನ್ನು ನೋಡಿದರು? ಯಾರನ್ನು ಯಾರೊಡನೆ ಹೋಲಿಸಿದರು? ಬೇರೆಯವರು ಮಾಡಿದಾಗಲೂ ಹಾಗೆಯೇ ಬಂತೇ?

ಶಾಲೆಯ ಭಾಷೆ: ಮೊದಲು ಯಾವುದು?

ಎರಡು ಭಾಷೆ ಬುದ್ಧಿಗೆ ಹಾನಿಯಲ್ಲ ಎಂಬುದು ಖಚಿತವಾದ ಮೇಲೆ ಉಳಿಯುವುದು ಶಾಲೆಯ ಪ್ರಶ್ನೆ. ಕೆನಡಾದ ಜಿಮ್ ಕಮಿನ್ಸ್ ಇಲ್ಲಿ ಉಪಯುಕ್ತವಾದ ಒಂದು ಭೇದವನ್ನು ತೋರಿಸಿದ್ದಾರೆ. ಆಟದ, ಅಂಗಡಿಯ ಮಾತು ಬೇರೆ, ಪಾಠದ ಮಾತು ಬೇರೆ. ಹೊಸ ಭಾಷೆಯಲ್ಲಿ ಹರಟುವುದನ್ನು ಮಗು ಸುಮಾರು 2 ವರ್ಷದಲ್ಲಿ ಕಲಿಯುತ್ತದೆ. ಅದೇ ಭಾಷೆಯಲ್ಲಿ ವಿಜ್ಞಾನ, ಲೆಕ್ಕ, ಸಮಾಜ ಪಾಠಗಳನ್ನು ಅರಿತು ಬರೆಯುವ ಮಟ್ಟಕ್ಕೆ 5ರಿಂದ 7 ವರ್ಷ ಬೇಕು. ಮಗು ಸರಾಗವಾಗಿ ಮಾತನಾಡುತ್ತದೆ, ಆದರೂ ಪರೀಕ್ಷೆಯಲ್ಲಿ ಹಿಂದೆ ಬೀಳುತ್ತದೆ ಎಂಬ ದೂರಿನ ಹಿಂದೆ ಹಲವು ಬಾರಿ ಇರುವುದು ಈ ಅಂತರ.

ಒಂದು ಭಾಷೆಯಲ್ಲಿ ಗಟ್ಟಿಯಾದ ತಿಳುವಳಿಕೆ ಇನ್ನೊಂದಕ್ಕೂ ದಾಟುತ್ತದೆ ಎಂಬುದು ಕಮಿನ್ಸ್ ಅವರ ಇನ್ನೊಂದು ಮಾತು. ಭಾಗಾಕಾರವನ್ನು ಕನ್ನಡದಲ್ಲಿ ಅರಿತ ಮಗು ಅದನ್ನು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಮತ್ತೆ ಮೊದಲಿನಿಂದ ಕಲಿಯಬೇಕಿಲ್ಲ. ಬೇಕಾದದ್ದು ಪದಗಳು ಮಾತ್ರ. ಓದುವ ಕೌಶಲಕ್ಕೂ ಇದು ಅನ್ವಯಿಸುತ್ತದೆ.

ಹಾಗಾದರೆ ಪರಭಾಷೆಯ ಶಾಲೆಯಲ್ಲಿ ಓದಿಯೂ ಚೆನ್ನಾಗಿ ಬಂದ ಮಕ್ಕಳಿಲ್ಲವೇ? ಇದ್ದಾರೆ. 1965ರಲ್ಲಿ ಮಾಂಟ್ರಿಯಲ್ ಬಳಿಯ ಸೇಂಟ್ ಲ್ಯಾಂಬರ್ಟ್ ಎಂಬಲ್ಲಿ ಇಂಗ್ಲಿಷ್ ಮನೆಯ ಮಕ್ಕಳಿಗೆ ಬಾಲವಾಡಿಯಿಂದಲೇ ಫ್ರೆಂಚಿನಲ್ಲಿ ಪಾಠ ಶುರು ಮಾಡಿದರು. ಫ್ರೆಂಚೂ ಬಂತು, ಇಂಗ್ಲಿಷೂ ಕೆಡಲಿಲ್ಲ. ಆದರೆ ಆ ಮಕ್ಕಳ ಮನೆಭಾಷೆ ಇಂಗ್ಲಿಷ್. ಸಿನಿಮಾ, ಪುಸ್ತಕ, ಕಚೇರಿ, ನೌಕರಿ ಎಲ್ಲ ಕಡೆಯೂ ಅದರ ಬಲವಿತ್ತು. ಶಾಲೆ ಕಲಿಸದಿದ್ದರೂ ಅದು ಸೊರಗುವ ಭಯವಿರಲಿಲ್ಲ. ಅಲ್ಲಿ ನಡೆದದ್ದು ಕೂಡಿಸುವ ಲೆಕ್ಕ. ಸುತ್ತ ಬಲವಿಲ್ಲದ ಭಾಷೆಯ ಮಗುವಿಗೆ ಶಾಲೆಯಲ್ಲೂ ಅದು ಸಿಗದಿದ್ದರೆ, ಮನೆಯಲ್ಲೂ ನಿಂತುಹೋದರೆ ಅದು ಕಳೆಯುವ ಲೆಕ್ಕ. ಗಡಿಯಾಚೆಯ ಕನ್ನಡ ಇವೆರಡರ ನಡುವೆ ತೂಗುತ್ತಿದೆ. ಶಾಲೆಯಲ್ಲಿ ಕನ್ನಡ ಇಲ್ಲದ ಮನೆಗೆ ಹೊಣೆ ಹೆಚ್ಚು.

ಲಿಪಿಯ ವಿಷಯವನ್ನೂ ಮರೆಯಬಾರದು. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್ನಿನ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಕನ್ನಡದ ಅಕ್ಷರಗಳೆಲ್ಲ ಕೈವಶವಾಗಲು ಇಂಗ್ಲಿಷಿನ 26 ಅಕ್ಷರ ಕಲಿಯುವುದಕ್ಕಿಂತ ಹೆಚ್ಚು ಕಾಲ ಬೇಕು. ಕಾಗುಣಿತ, ಒತ್ತಕ್ಷರ ಸೇರಿ ಈ ಕಲಿಕೆ ಮೂರನೇ ನಾಲ್ಕನೇ ತರಗತಿಯವರೆಗೂ ಹಬ್ಬುತ್ತದೆ. ಎರಡನೇ ತರಗತಿಯ ಮಗು ಒತ್ತಕ್ಷರದಲ್ಲಿ ಎಡವಿದರೆ ದಡ್ಡನೆಂದು ತಿಳಿಯಬಾರದು. ಕನ್ನಡ-ತೆಲುಗು ಲಿಪಿಗಳು ಒಂದೇ ಮೂಲದವು. ಆದೋನಿ, ರಾಯದುರ್ಗ, ಮಡಕಶಿರದ ಮಗುವಿಗೆ ಒಂದು ಬಂದರೆ ಇನ್ನೊಂದು ಅರ್ಧ ಬಂದಂತೆ. ಮಲಯಾಳ, ತಮಿಳು, ದೇವನಾಗರಿಗಳ ಆಕಾರ ಬೇರೆಯಾದರೂ ಸ್ವರ-ವ್ಯಂಜನಗಳ ಕಟ್ಟು ಒಂದೇ ಕುಲದ್ದು.

ಕಾನೂನಿನಲ್ಲಿ ಏನಿದೆ?

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯ ಜೊತೆಗೇ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ತಕ್ಕ ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕು ಎಂಬುದು ಅದರ ಸಾರ. ಇನ್ನೊಂದು ಕಡೆ, ರಾಜ್ಯಭಾಷೆಯನ್ನು ಶಾಲೆಗಳಲ್ಲಿ ಕಲಿಸುವ ಕಾಯಿದೆಗಳು ತಮಿಳುನಾಡಿನಲ್ಲಿ 2006ರಲ್ಲಿ, ಕೇರಳದಲ್ಲಿ 2017ರಲ್ಲಿ, ಮಹಾರಾಷ್ಟ್ರದಲ್ಲಿ 2020ರಲ್ಲಿ ಬಂದವು. ಕಲಿಕೆಯ ಮಾಧ್ಯಮವಾಗಿ ಮಾತೃಭಾಷೆಯನ್ನು ಸರ್ಕಾರ ಹೇರುವಂತಿಲ್ಲ, ಆಯ್ಕೆ ಹೆತ್ತವರದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಕರ್ನಾಟಕದ ಪ್ರಕರಣದಲ್ಲಿ 2014ರಲ್ಲಿ ತೀರ್ಪಿತ್ತಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ, ಸಾಧ್ಯವಿರುವಲ್ಲೆಲ್ಲ ಕನಿಷ್ಠ 5ನೇ ತರಗತಿಯವರೆಗೆ ಮನೆಭಾಷೆಯಲ್ಲಿ ಪಾಠ ನಡೆಯಲಿ ಎನ್ನುತ್ತದೆ. ಒಟ್ಟಿನಲ್ಲಿ ಗಡಿನಾಡಿನ ಮಗು ರಾಜ್ಯಭಾಷೆ ಕಲಿಯುವುದು ತಪ್ಪದು, ಕಲಿಯುವುದು ಒಳ್ಳೆಯದೇ. ಕನ್ನಡ ಜೊತೆಗಿರಬೇಕೇ ಎಂಬ ತೀರ್ಮಾನ ಮಾತ್ರ ಮನೆಯವರ ಕೈಯಲ್ಲಿದೆ.

ಹೆತ್ತವರು ಕೇಳುವ ಕೆಲವು ಪ್ರಶ್ನೆಗಳು

ಮಗು ತಡವಾಗಿ ಮಾತನಾಡುತ್ತಿದೆ. ಎರಡು ಭಾಷೆಯೇ ಕಾರಣವೇ?
ಅಲ್ಲ. ದ್ವಿಭಾಷಿಕ ಮಕ್ಕಳೂ ಒಂದು ವರ್ಷದ ಆಸುಪಾಸಿನಲ್ಲಿ ಮೊದಲ ಪದ, ಎರಡು ವರ್ಷದ ಹೊತ್ತಿಗೆ ಎರಡು ಪದ ಕೂಡಿಸಿದ ಮಾತು ಆಡುತ್ತಾರೆ. ಎರಡೂ ಭಾಷೆಯ ಪದಗಳನ್ನು ಸೇರಿಸಿ ಎಣಿಸಬೇಕು. ಹಾಗೆ ಎಣಿಸಿಯೂ ಮಾತು ಬಾರದಿದ್ದರೆ, ಹೆಸರು ಕರೆದಾಗ ತಿರುಗಿ ನೋಡದಿದ್ದರೆ ಮೊದಲು ಕಿವಿ ಪರೀಕ್ಷೆ ಮಾಡಿಸಬೇಕು. ‘ದೊಡ್ಡವನಾದ ಮೇಲೆ ಸರಿಹೋಗುತ್ತದೆ’ ಎಂದು ಕಾಯುವುದು ಅಪಾಯ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ತಪಾಸಣೆಗೆ ಹೆಸರಾಗಿದೆ.

ಬೆಳವಣಿಗೆಯ ತೊಂದರೆ ಇರುವ ಮಗುವಿಗೆ ಒಂದೇ ಭಾಷೆ ಸಾಕಲ್ಲವೇ?
ಕೆನಡಾದಲ್ಲಿ ಡೌನ್ ಸಿಂಡ್ರೋಮ್ ಇರುವ ಮಕ್ಕಳ ಬಗ್ಗೆ 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ಭಾಷೆ ಕೇಳಿ ಬೆಳೆದವರು ಅದೇ ತೊಂದರೆಯಿರುವ ಏಕಭಾಷಿಕ ಮಕ್ಕಳಿಗಿಂತ ಹಿಂದೆ ಉಳಿದಿರಲಿಲ್ಲ. ಮನೆಯವರ ಪ್ರೀತಿಯ ಮಾತನ್ನೇ ಕಿತ್ತುಕೊಂಡರೆ ಇಂಥ ಮಗುವಿಗೆ ನಷ್ಟ ಹೆಚ್ಚು.

ತಾಯಿಗೆ ಸರಿಯಾಗಿ ಬಾರದ ಇಂಗ್ಲಿಷಿನಲ್ಲಾದರೂ ಮಾತನಾಡಬೇಕೇ?
ಬೇಡ. ಮಗುವಿನ ಭಾಷೆ ಬೆಳೆಯುವುದು ತುಂಬು ಮಾತಿನಿಂದ, ಕಥೆಯಿಂದ, ಪ್ರಶ್ನೆ-ಉತ್ತರದಿಂದ. ಹತ್ತಾರು ಅರೆಬರೆ ವಾಕ್ಯಗಳಿಗಿಂತ ತನಗೆ ಸಲೀಸಾದ ಭಾಷೆಯಲ್ಲಿ ತಾಯಿ ಆಡುವ ಮಾತು ಮೇಲು.

ಒಬ್ಬರಿಗೆ ಒಂದು ಭಾಷೆ ಎಂಬ ನಿಯಮ ಬೇಕೇ?
ಕೆಲವು ಮನೆಗಳಿಗೆ ಅದು ಅನುಕೂಲ, ಕಡ್ಡಾಯವಲ್ಲ. ಅಜ್ಜಿಯೊಡನೆ ಕನ್ನಡ, ನೆರೆಯವರೊಡನೆ ತೆಲುಗು ಎಂಬ ನಮ್ಮ ಹಳೆಯ ಪದ್ಧತಿಯೂ ಸರಿಯೇ. ಮುಖ್ಯವಾದುದು ಎರಡೂ ದಿನವೂ ಕಿವಿಗೆ ಬೀಳುವುದು, ಬಾಯಿಗೆ ಬರುವುದು.

ಕನ್ನಡ ಮಾತು ಬಂದರೆ ಸಾಲದೇ, ಓದು ಬರಹವೂ ಬೇಕೇ?
ಮಾತು ಮಾತ್ರ ಬಂದು ಲಿಪಿ ಬಾರದಿದ್ದರೆ ಭಾಷೆ ಅಡುಗೆಮನೆಯಲ್ಲೇ ನಿಲ್ಲುತ್ತದೆ. ಶಾಲೆಯಲ್ಲಿ ಕನ್ನಡ ಇಲ್ಲದ ಕಡೆ ಮನೆಯಲ್ಲೇ ದಿನಕ್ಕೆ ಅರ್ಧ ಗಂಟೆ ಕನ್ನಡ ಓದಿಸಬಹುದು. ಪತ್ರಿಕೆ, ಮಕ್ಕಳ ಕಥೆ, ಲಗ್ನಪತ್ರಿಕೆ, ಬಸ್ಸಿನ ಬೋರ್ಡು, ಯಾವುದಾದರೂ ಸರಿ.

ಸಾರಾಂಶ

ಎರಡು ಭಾಷೆ ಮಗುವಿನ ಬುದ್ಧಿಯನ್ನು ಕೆಡಿಸುವುದಿಲ್ಲ, ಇದು ಖಚಿತ. ಭಾಷೆಯ ಬಗ್ಗೆ ಅರಿವನ್ನು ಬೇಗ ಮೂಡಿಸುತ್ತದೆ. ಇದಕ್ಕೆ ಸಾಕಷ್ಟು ಆಧಾರವಿದೆ. ಗಮನಶಕ್ತಿಯನ್ನು ಹೆಚ್ಚಿಸುತ್ತದೆಂಬ ಮಾತು ಹಿಂದೆ ಹೇಳಿದಷ್ಟು ಬಲವಾಗಿಲ್ಲ. ಮುಪ್ಪಿನ ಮರೆವನ್ನು ಮುಂದೂಡುತ್ತದೆಂಬುದಕ್ಕೆ ಹೈದರಾಬಾದಿನಂಥ ಕಡೆ ಆಧಾರ ಸಿಕ್ಕಿದೆ, ಬೇರೆ ಕಡೆ ಸಿಕ್ಕಿಲ್ಲ.

ಗಡಿನಾಡಿನ ಮನೆಗೆ ಇಷ್ಟು ಸಾಕು. ಕನ್ನಡ ಉಳಿಸಿಕೊಳ್ಳಲು ಅದರಿಂದ ಬುದ್ಧಿ ಹೆಚ್ಚುತ್ತದೆಂಬ ಆಮಿಷ ಬೇಕಾಗಿಲ್ಲ. ಉಳಿಸಿಕೊಂಡರೆ ಮಗುವಿಗೆ ನಷ್ಟವಿಲ್ಲ. ಬಿಟ್ಟರೆ ಅಜ್ಜ ಅಜ್ಜಿಯೊಡನೆ ಮೊಮ್ಮಕ್ಕಳ ಮಾತು ನಿಲ್ಲುತ್ತದೆ, ಗಡಿಯ ಈಚೆಯ ನೆಂಟರ ಮನೆಯಲ್ಲಿ ಮಗು ಮೂಕವಾಗುತ್ತದೆ. ಆ ನಷ್ಟವನ್ನು ಅಳೆಯಲು ಪ್ರಯೋಗಾಲಯ ಬೇಕಿಲ್ಲ.